ಎದುರಾಳಿಯ ಫೋನ್ ನಂಬರು

ಡುಲೂತ್ ನಗರದ ಫೆಡರಲ್ ಕೋರ್ಟಿಗೆ ಜ್ಯೂರಿ ಕೆಲಸಕ್ಕೆ ಹೋಗಿದ್ದೆ. ತಪಾಸಣೆಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ವಕೀಲರಿದ್ದರು. ಬಡ ಆರೋಪಿಗಳ ಪರ ವಾದಿಸುವ ಮಾರ್ಸೆಲಾ ಮತ್ತು ಸರ್ಕಾರದ ಪರ ವಾದಿಸುವ ಹಿರಿಯ ಹಾಲ್ವರ್ಸನ್. ಮಾರ್ಸೆಲಾ ಮಾತು ತೆಗೆದಳು.

"ನಿಮ್ಮ ನಂಬರ್ ಕೊಡಿ. ಇಲ್ಲಿನ ಜಡ್ಜ್ ಹುದ್ದೆಗೆ ಅರ್ಜಿ ಹಾಕ್ತಿದೀನಿ."

"ಅದಕ್ಕೆ ನನ್ನ ನಂಬರ್ ಯಾಕ್ರೀ?"

"ನಡೆಸಿದ ಹತ್ತು ದೊಡ್ಡ ಕೇಸು ಬರೀಬೇಕು, ಎದುರಾಳಿ ವಕೀಲರ ನಂಬರ್ ಸಮೇತ. ಆಯ್ಕೆ ಸಮಿತಿಯವರು ನಿಮಗೆ ಫೋನ್ ಮಾಡಿ ನನ್ನ ಬಗ್ಗೆ ವಿಚಾರಿಸ್ತಾರೆ. ನಾವಿಬ್ರೂ ಎದುರುಬದುರು ವಾದಿಸಿದ ಬ್ಯಾಂಕ್ ದರೋಡೆ ಕೇಸು ಬರೆದಿದೀನಿ."

"ಅದ್ರಲ್ಲಿ ನೀವು ಸೋತ್ರಲ್ರೀ!"

"ಹತ್ತರಲ್ಲಿ ಏಳು ಸೋತಿದೀನಿ."

"ಗೆದ್ದಿದ್ದು ಬರೀರಿ ತಾಯಿ. ಸೋಲಿನ ಮೆರವಣಿಗೆ ಹೊರಡಿಸಿದ್ರೆ ಕುರ್ಚಿ ಯಾರು ಕೊಡ್ತಾರೆ?"

"ಹೋದ್ಸಲ ಸುಲಭದ ಗೆಲುವುಗಳನ್ನೇ ಬರೆದೆ. ಸಂದರ್ಶನಕ್ಕೂ ಕರೀಲಿಲ್ಲ."

"ನಾನು ಬೈದ್ಬಿಟ್ರೆ?"

"ಬೈರಿ. ಆ ಕೇಸು ನಡೆದ ಹನ್ನೊಂದು ದಿನದಲ್ಲಿ ನಾನು ಒಂದಾದ್ರೂ ಸುಳ್ಳು ಹೇಳಿದ್ನಾ ಅನ್ನೋದನ್ನೂ ಹೇಳಿ."

ಹಾಲ್ವರ್ಸನ್ ಬೆಲ್ಟು ಬಿಚ್ಚಿ ಟ್ರೇಗೆ ಹಾಕಿದರು. ಆಮೇಲೆ ಅವಳ ಪೆನ್ನು ಇಸಿದುಕೊಂಡು ಎರಡು ನಂಬರು ಬರೆದುಕೊಟ್ಟರು.

"ಮೇಲಿಂದು ಆಫೀಸು, ಕೆಳಗಿಂದು ಮನೆ. ಆಫೀಸಲ್ಲಿ ಸಿಗದಿದ್ರೆ ಮನೆಗೇ ಮಾಡೋಕೆ ಹೇಳಿ."

"ಥ್ಯಾಂಕ್ಸ್."

"ಇವತ್ತಿನ ಕೇಸಲ್ಲಿ ಮಾತ್ರ ನಿಮ್ಮನ್ನ ಬಿಡಲ್ಲ."

"ಬಿಡಿ ಅಂತ ಕೇಳ್ದೋರ್ಯಾರು?"

ಗಾರ್ಡ್ ಕೈಬೀಸಿ ಕರೆದ. ಅವಳೇ ಮೊದಲು ಒಳಗೆ ಹೋದಳು.