ಆಚಾರ್ರ ಗಾಡಿಯ ಪಿಕಪ್

ಬೈಲಹೊಂಗಲದ ಗ್ಯಾರೇಜಿನಲ್ಲಿ ಸ್ಕೂಟಿಗೆ ಪಂಕ್ಚರ್ ಹಾಕಿಸಲು ಕುಂತಿದ್ದ ಭಾವನಾ, ಪಕ್ಕದಲ್ಲಿ ಬಾನೆಟ್ ತೆರೆದು ನಿಂತಿದ್ದ ಸಣ್ಣ ಕಾರಿನ ಕಡೆ ಲಕ್ಷ್ಯ ಕೊಟ್ಟಿರಲಿಲ್ಲ. ಧೋತರದ ಮುದುಕರ ದನಿ ಏರಿದಾಗ ಕಿವಿ ತಾನಾಗಿ ಅತ್ತ ಹೋಯಿತು. ಜೊತೆಗಿದ್ದ ಮಗನ ಬೋಳಿಸಿದ ತಲೆಯಲ್ಲಿ ಈಗಷ್ಟೇ ಕೂದಲು ಚಿಗುರುತ್ತಿತ್ತು.

"ಹೊಸಾ ಏರ್ ಫಿಲ್ಟರ್ ಹಾಕ್ರಿ, ಕಂಪ್ಯೂಟರ್ ಟ್ಯೂನಿಂಗೂ ಮಾಡ್ರಿ. ಪಿಕಪ್ ಬರಬೇಕು," ಎಂದರು ಮುದುಕರು.

"ಮಾಡೂಣ್ರಿ ಆಚಾರ್ರ," ಎಂದ ಮಿಸ್ತ್ರಿ. "ಹಗೂರ ಓಡಿಸಿದ್ರ ಲೀಟರಿಗೆ ಆವರೇಜೂ ಒಂದೀಟ ಹೆಚ್ಚು ಕೊಡತೈತಿ."

"ಆವರೇಜ್ ಯಾರಿಗೆ ಬೇಕಾಗೇದ? ಅವತ್ತ ಪಿಕಪ್ ಇದ್ದಿದ್ರ ನಿಮ್ಮವ್ವನ್ನ ಧಾರವಾಡದ ದವಾಖಾನಿಗೆ ಮುಟ್ಟಸ್ತಿದ್ವಿ, ಸಮೀರ."

"ಗಾಡಿ ಛಲೋನ ಓಡೇದ ಅಪ್ಪಾ."

"ಏರಿನಾಗ ಅದಕ್ಕ ದಮ್ಮು ಹತ್ತಿತ್ತು. ನಾ ನೋಡೇನಿ."

ಮಗ ಕಾರಿನ ಹಿಂದಿನ ಸೀಟಿನ ಕಡೆ ನೋಡಿದ.

"ಏರಿಗಿಂತ ಮೊದಲ ಅಂಗಳದಾಗ ನಿಂತಿತ್ತಲ್ಲಪ್ಪಾ. ಅವ್ವನ್ನ ಹಿಂದಿನ ಸೀಟಿನಾಗ ಮಲಗಿಸಿ, ಇಂಜಿನ್ ಚಾಲೂ ಮಾಡಿ, ರಾಹುಕಾಲ ಮುಗೀಲಿ ಅಂತ ಕುಂತಿದ್ವಿ."

ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದ.

"ಗಾಡಿ ಮೂರಕ್ಕ ತಯಾರಾಕ್ಕೈತ್ರಿ. ಇವತ್ತ ಮಂಗಳವಾರ, ಮೂರರಿಂದ ನಾಕೂವರಿ ತನಕ ರಾಹುಕಾಲ. ಮುಗದ ಮ್ಯಾಲ ಒಯ್ತೀರೇನ್ರಿ?"

ಮುದುಕರು ಕಾರಿನ ಹಿಂದಿನ ಬಾಗಿಲ ಮೇಲೆ ಕೈಯಿಟ್ಟರು.

"ಮೂರಕ್ಕನ ಬರತೇವಿ," ಎಂದು, ಮಗನ ರಟ್ಟೆ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು.