ಬೆಲ್ಲ ಹಾಕದ ನೀರು

ಕಂದೀಲು ಸಣ್ಣ ಮಾಡ್ರಿ... ಹೇಳ್ತೇನಿ. ನಗೋರಿದ್ರ ಈಗ ಎದ್ದು ಹೋಗ್ರಿ.

ಎಪ್ಪತ್ತೊಂಬತ್ತನೇ ಇಸವಿ. ನಮ್ಮ ಕಾಕಾನ ಮಗ ಗಾಳೆಪ್ಪ ಸೊಲ್ಲಾಪುರದಾಗ ಮಗ್ಗದ ಕೆಲಸಕ್ಕಿದ್ದ. ಭಾಳ ದಿನದ ಮ್ಯಾಲೆ ಊರಿಗೆ ಬಂದ. ಬಸ್ಸು ತಡಾ ಆಗಿ, ಗುಳೇದಗುಡ್ಡದಾಗ ಇಳಿಯೋದ್ರಾಗ ಮಗ್ಗ ಎಲ್ಲಾ ಸುಮ್ಮನಾಗಿದ್ವು. ಆಲದ ಗಿಡದ ಬಾವಿ ದಾಟಬೇಕು... ಬಾವಿ ಗಾಲಿ ಸಪ್ಪಳ. ಕಿರ್ರ್... ಕಿರ್ರ್...

ನೋಡಿದ್ರ ಬಾಜೂ ಮನಿ ಸೊಸಿ ರೇಣವ್ವ. ಬಲಗೈಯಾಗ ಹಗ್ಗ. ಎಡಗೈ ತಂತಾನ ಹಾರತೈತಿ, ಮಗ್ಗದಾಗ ಲಾಳಿ ಒಗದಂಗ. ಬಾವಿ ಕಟ್ಟಿಗೆ ಬಳಿ ಬಡದು ಛಣ್... ಛಣ್...

"ಸೇದಿ ಕೊಡೋ ಅಣ್ಣಾ. ಈ ಕೈ ನನ್ನ ಮಾತು ಕೇಳವಲ್ದು."

"ಮನ್ಯಾಗ ನೀರಿಲ್ಲೇನವಾ?"

"ಅಲ್ಲಿ ಬೆಲ್ಲಾ ಹಾಕಿ ಕೊಡ್ತಾರ..."

ಸೇದಿ ಕೊಟ್ಟ. ಕೊಡಕ್ಕ ಬಾಯಿ ಹಚ್ಚಿದಳು. ಗಟಗಟ... ಗಟಗಟ... ತಳಾ ಕಾಣೋತನಕ. "ಇನ್ನೊಂದು." ಅದೂ ಹೋತು. "ಇನ್ನೊಂದು."

ಗಾಳೆಪ್ಪ ಹಗ್ಗ ಕೈಬಿಟ್ಟ. ಕೊಡಾ ಅಲ್ಲೇ ಬಿಟ್ಟು ಓಡಿದ.

ಮನ್ಯಾಗ ಅವನ ಅವ್ವ ಹನಮವ್ವ ಅವನ ಬಾಯಿ ಮುಚ್ಚಿದಳು. "ಮೆಲ್ಲಕ ಮಾತಾಡಲೇ... ರೇಣವ್ವ ಹ್ವಾದ ಅಮಾಸಿಗೇ ಸತ್ತಾಳ."

ಅಕಿಗೆ ಸಕ್ರಿ ಬ್ಯಾನಿ ಇತ್ತು. ನೀರಡಿಕಿ ಅದಕ್ಕ, ಒಂದ ಕೈ ಕುಣಿಯೋದೂ ಅದಕ್ಕ. ಬಾಗಲಕೋಟಿ ಡಾಕ್ಟರು ಉಚ್ಚಿ ತಪಾಸ ಮಾಡಿ ಹೇಳಿದ್ರು, "ಸೂಜಿ ಮಾಡಸ್ರಿ, ಕೈ ನಿಲ್ಲತೈತಿ. ಸಿಹಿ ಮುಟ್ಟಸಬ್ಯಾಡ್ರಿ." ಅತ್ತಿ ಮಾಯವ್ವ ಕೇಳಬೇಕಲ್ಲ! "ಸತ್ತ ನನ್ನ ಸವತಿ ಇಕಿ ಮೈಯಾಗ ಹೊಕ್ಕಾಳ. ಸಿಹಿ ಕೊಟ್ರ ಬಿಟ್ಟು ಹೋಗ್ತಾಳ" ಅಂದಳು. ಸೊಸಿ ಕೈ ಮಗ್ಗದ ಕಂಬಕ್ಕ ಕಟ್ಟಿದಳು. ನೀರು ಅಂದಾಗೊಮ್ಮೆ ಬೆಲ್ಲದ ಪಾನಕ ಕುಡಿಸಿದಳು. ಕುಡಿಸಿದಷ್ಟೂ ಕೈ ಜೋರಾತು. ಕೈ ಜೋರಾದಷ್ಟೂ ಪಾನಕ. ಗಂಡ ಮುದಕಪ್ಪ ನೋಡಕೋತ ಕುಂತಿದ್ದ, ಹೇಡಿ! ಯಾ ದೆವ್ವನೂ ಕೊಂದಿಲ್ಲ ಅಕಿನ್ನ. ಆ ಮನಿ ಮಂದೀನ ಕೊಂದ್ರು. ನೆನಸಿದ್ರ ಈಗೂ ಮೈ ಉರಿತೈತಿ ನಂದು.

ಮರುದಿನ ಬೆಳಿಗ್ಗೆ ಮಾಯವ್ವ ನೀರಿಗೆ ಬಂದಳು. ಅದ ಬಾವಿ, ಅದ ಹಗ್ಗ. ನಾವೆಲ್ಲಾ ಸೇದಿದ ನೀರು ಯಾವಾಗಿನಂಗ ಸಪ್ಪಗಿತ್ತು. ಅಕಿ ಕೊಡಾ ಕೆಳಗಿಟ್ಟಿದ್ದ ತಡಾ, ಕರೇ ಇರವಿ ಸಾಲು ಹಚ್ಚಿದ್ವು. ಚೆಲ್ಲಿ ಮತ್ತ ಸೇದಿದಳು. ಮತ್ತ ಇರವಿ. ಸಾಯೋತನಕ ಅಕಿಗೆ ಒಂದು ಗುಟುಕು ಬರೇ ನೀರು ಸಿಗಲಿಲ್ಲ.

ಯಾರೋ ಹೇಳಿದ್ದಲ್ಲ ಇದು. ಅಕಿ ಕೊಡದಾಗ ಬೆರಳು ಅದ್ದಿ ನಾನ ನೆಕ್ಕಿ ನೋಡೇನಿ.

ಬೆಲ್ಲದ ನೀರು.