ಒಂದ ಸಲ ಕರದ್ರ

ಕಂದೀಲು ಸಣ್ಣ ಮಾಡ್ರಿ. ಸುಳ್ಳು ಅನ್ನೋರು ಈಗಲೇ ಎದ್ದು ಹೋಗ್ರಿ, ನಡುವ ನಗಬ್ಯಾಡ್ರಿ. ಇದು ನಮ್ಮ ಸೋದರತ್ತಿ ಮಗಳು ಶೇಖಮ್ಮನ ಕಣ್ಣೆದುರಿಗೆ ಆದದ್ದು. ಪೊಲೀಸ್ ಆಕ್ಷನ್ ಆಗಿ, ನಿಜಾಮನ ರಾಜ್ಯ ಹೋಗಿ ಎರಡು ತಿಂಗಳಾಗಿತ್ತು.

ಶೇಖಮ್ಮ, ಆಕಿ ಗಂಡ ಮೊಗುಲಪ್ಪ, ಇಬ್ರೂ ದವಾಖಾನಿಯಿಂದ ಉಟ್ಕೂರಿಗೆ ನಡಕೊಂತ ಬರಾಕ ಹತ್ತಿದ್ರು. ದವಾಖಾನಿ ಯಾವ ಊರಿಂದು ಅಂತ ಕೇಳಬ್ಯಾಡ್ರಿ. ಕತ್ತಲಾಗಿತ್ತು. ಹಾಳುಬಾವಿ ಹತ್ರ ಮೊಗುಲಪ್ಪ ಕುಂತುಬಿಟ್ಟ.

ಖೊಳ್... ಖೊಳ್... ಖೊಳ್. ಮೂರು ಕೆಮ್ಮು, ಆಮ್ಯಾಲೆ ಎದಿಯಾಗ ಸಣ್ಣ ಸೀಟಿ. ಆರು ವರ್ಷದಿಂದ ಹಿಂಗ. ನೇಕಾರ ಮನುಷ್ಯ, ಒಂದು ಸೀರಿ ಇಳಿಸೂದರಾಗ ಜೀವ ಬಾಯಿಗೆ ಬರ್ತಿತ್ತು.

"ಇವತ್ತೂ ಕಂಪೌಂಡರ್ ಕರದಾಗ ಯಾಕ ಓ ಅನ್ನಲಿಲ್ಲ?" ಶೇಖಮ್ಮ ಪಿಸುಗುಟ್ಟಿದ್ಲು.

"ಒಂದ ಸಲ ಕರದ್ರಲ್ಲ..."

"ಅವರು ಕರ್ಯೋದ ಒಂದ ಸಲ!"

ನಮ್ಮ ಕಡಿ ಗೊತ್ತೈತಲ್ರೀ... ದೆವ್ವ ಒಂದ ಸಲ ಕರೀತದ, ಮನುಷ್ಯಾರಾದ್ರ ಮತ್ತ ಕರೀತಾರ. ಅದಕ್ಕ ಮೊದಲ ಕೂಗಿಗೆ ಓ ಅನಬಾರದು ಅಂತ ಮೊಗುಲಪ್ಪಗ ಅವರವ್ವ ಹಾಲಿನ ಜೊತಿಗೇ ಕುಡಿಸಿದ್ಲು. ಹುಟ್ಟುಗುಣ ಸುಟ್ಟರೂ ಹೋಗಂಗಿಲ್ಲ. ಕಂಪೌಂಡರ್ ಬಾಗಿಲಾಗ ನಿಂತು "ಮೊಗುಲಪ್ಪ ವಲ್ದ್ ಕಾಳಪ್ಪ!" ಅಂತಿದ್ದ. ಕಾಳಪ್ಪನ ಮಗ ಮೊಗುಲಪ್ಪ ಅಂತ, ನಿಜಾಮನ ಕಾಲದ ಮಾತು. ಇವ ಎರಡನೇ ಕೂಗಿಗೆ ಕಾಯೂದರಾಗ ಚೀಟಿ ಪಕ್ಕಕ್ಕ. "ಗೈರ್ ಹಾಜಿರ್! ಮುಂದಿನ ಬೇಸ್ತವಾರ ಬಾ." ಹೆಂಗಸ್ರನ್ನ ಹೊರಗ ಬೇವಿನ ಗಿಡದ ಕೆಳಗ ಕುಂದ್ರಸ್ತಿದ್ರು, ಶೇಖಮ್ಮಗ ಕೇಳಿಸ್ತಿರಲಿಲ್ಲ. ನಾಕು ಬೇಸ್ತವಾರ ಹಿಂಗ ಹೋದ್ವು. ರಾಜ್ಯ ಹೋತು, ಕಂಪೌಂಡರನ ಗತ್ತು ಹೋಗಲಿಲ್ಲ ನೋಡ್ರಿ!

ಆ ವಾರ ಪೂರ್ತಿ ಶೇಖಮ್ಮ ಕಲಿಸಿದ್ಲು. ಮಗ್ಗ ಲಟಕ್... ಲಟಕ್ ಅಂತಿದ್ರ ಹಿಂದಿನಿಂದ ಒಂದ ಸಲ ಕರ್ಯೋದು, ಇವ ಓ ಅನ್ನೋದು. ಮೊದಮೊದಲು ಅಂಜಿ ಬೆವತ. ಬುಧವಾರ ರಾತ್ರಿ ನಿದ್ದಿಯಾಗೂ ಓ ಅಂದ. ಶೇಖಮ್ಮ ಹೊಟ್ಟಿ ಹಿಡಕೊಂಡು ನಕ್ಕಳು.

ಐದನೇ ಬೇಸ್ತವಾರ ಮೊದಲ ಕೂಗಿಗೇ ಓ ಅಂದ. ಡಾಕ್ಟರು ಎದಿಗೆ ನಳಗಿ ಇಟ್ಟು ಕೇಳಿದ್ರು. ಮುಖ ನೋಡಲಿಲ್ಲ. ಒಂದು ಸೀಸೆ ಕೆಂಪು ನೀರು ಕೊಟ್ಟು, "ಸೂಜಿ ಹೈದರಾಬಾದಿನಿಂದ ಬರಬೇಕು. ಮುಂದಿನ ವಾರ ಬಾ, ಸೀಸೆ ವಾಪಸ್ ತಾ" ಅಂದ್ರು.

ಬರೋವಾಗ ಅದೇ ಬಾವಿ. ಎಲಿ ಅಳ್ಳಾಡವಲ್ದು. ಮೊಗುಲಪ್ಪ ಮುಂದ, ಶೇಖಮ್ಮ ನಾಕು ಹೆಜ್ಜಿ ಹಿಂದ. ಬಾವಿ ಕಡಿಂದ...

"ಮೊಗುಲಪ್ಪ ವಲ್ದ್ ಕಾಳಪ್ಪ!"

ಒಂದ ಸಲ.

ಶೇಖಮ್ಮ ಓಡಿ ಅವನ ಬಾಯಿ ಮುಚ್ಚೂದರಾಗ...

"ಓ."

ಕೆಮ್ಮು ನಿಂತುಬಿಡ್ತು. ಮನಿ ಮಟ ಒಂದೂ ಕೆಮ್ಮಲಿಲ್ಲ. ಬೆನ್ನ ಹಿಂದ, ಬಾವಿ ತಳದಾಗ... ಖೊಳ್... ಖೊಳ್... ಖೊಳ್. ಆಮ್ಯಾಲೆ ಸಣ್ಣ ಸೀಟಿ. ಶೇಖಮ್ಮ ತಿರುಗಿ ನೋಡಲಿಲ್ಲ.

"ಎದಿ ಹಗುರಾತು" ಅಂದು ಮೊಗುಲಪ್ಪ ಮಲಗಿದ. ಬೆಳಗಾಗೂದರಾಗ ತಣ್ಣಗಾಗಿದ್ದ. "ನಾನ ಕಲಿಸಿದೆ, ನಾನ ಕೊಂದೆ" ಅಂತ ಶೇಖಮ್ಮ ಎದಿ ಎದಿ ಬಡಕೊಂಡ್ಲು. ಏನು ಹೇಳಿ ಸಮಾಧಾನ ಮಾಡ್ತೀರಿ?

ಬೇಸ್ತವಾರ ಸೀಸೆ ವಾಪಸ್ ಕೊಡಾಕ ಹೋದ್ಲು. ಸತ್ತ ಅಂತ ಹೇಳಬೇಕು. ಆಕಿ ಮೆಟ್ಟಲ ಹತ್ತೂದರಾಗ ಕಂಪೌಂಡರ್ ಕೂಗಿದ, "ಮೊಗುಲಪ್ಪ ವಲ್ದ್ ಕಾಳಪ್ಪ!"

ಪಡಸಾಲಿ ಕಂಬದ ಹತ್ರ, ಮೊಗುಲಪ್ಪ ಕುಂದ್ರತಿದ್ದ ಜಾಗ. ಯಾರೂ ಇರಲಿಲ್ಲ ಅಲ್ಲಿ...

"ಓ."

ಕಂಪೌಂಡರ್ ತಲಿ ಎತ್ತಲಿಲ್ಲ. ಬರಕೊಂಡ. "ಸೂಜಿ ಬಂದಿಲ್ಲ. ಮುಂದಿನ ಬೇಸ್ತವಾರ ಬಾ" ಅಂದು ಚೀಟಿ ಶೇಖಮ್ಮನ ಕೈಯಾಗ ಇಟ್ಟ.

ಆ ಚೀಟಿ ಆಕಿ ಪೆಟ್ಟಿಗಿಯಾಗ ಐತಿ. ನಾನ ನೋಡೀನಿ, ಸುಳ್ಳಾದ್ರ ನನ್ನ ನಾಲಿಗಿ ಬೀಳಲಿ. ಮಣ್ಣು ಮಾಡಿದ ಆರು ದಿನಕ್ಕ ಹಾಕಿದ ತಾರೀಖು. ಅದರ ಮುಂದ ಉರ್ದುವಿನಾಗ ಬರದೈತಿ... ಹಾಜಿರ್.